ಟ್ರೈ ನಮ್ಮ ಮನೆಗೆ ಬಂದ ವರ್ಷ

ಜರಡಿ ಮಾರುವವನಿಗೆ ನಮ್ಮ ಅತ್ತೆ ನೀರು ಬೆಲ್ಲ ಕೊಡದೇ ಇದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಆದರೆ ಬಿಸಿಲಲ್ಲಿ ಬೆವರು ಸುರಿಸಿಕೊಂಡು ಬಂದವನಿಗೆ ನೀರು ಕೊಡಬೇಡಿ ಅನ್ನಲು ನಾನ್ಯಾರು? ಆ ಮನೆಗೆ ಸೊಸೆಯಾಗಿ ಬಂದವಳು. ಊರಿನ ಹೆಸರು ಹೇಳಿದರೂ ನಿಮಗೆ ತಿಳಿಯುವುದಿಲ್ಲ ಬಿಡಿ, ಯಾವ ಬಸ್ಸಿನ ಬೋರ್ಡಿನ ಮೇಲೂ ಅದು ಇಲ್ಲ. ಹೊಳೆಯ ಈಚೆ ದಂಡೆಯಲ್ಲಿ ಊರು, ಆಚೆ ದಂಡೆಯಲ್ಲಿ ಉಳಿದ ಪ್ರಪಂಚ, ನಡುವೆ ದುರ್ಗಣ್ಣನ ಹರಿಗೋಲು. ನಮ್ಮದು ಮಂಡಕ್ಕಿ ಭಟ್ಟಿಯ ಮನೆ. ಬೆಳಗಾದರೆ ಕಾದ ಮರಳಿನಲ್ಲಿ ಅಕ್ಕಿ ಅರಳುವ ಪಟಪಟ ಸದ್ದು, ಆಮೇಲೆ ಜರಡಿಯ ಸದ್ದು. ಅತ್ತೆ ಹಾಲವ್ವ ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ, ಎರಡಕ್ಕೂ ಒಂದು ಕಾಳಿನಷ್ಟೂ ಜಗಳವಿಲ್ಲ.

ಆ ಮನುಷ್ಯ ಭಟ್ಟಿಯ ಮುಂದೆ ತಂತಿಯ ಜರಡಿಗಳ ಕಟ್ಟು ಇಳಿಸಿ, "ಅವ್ವಾ, ಹೊಸ ಮಾಲು, ಒಂದು ಸಲ" ಅಂದ. ಆಮೇಲೆ ಅವನ ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಮತ್ತೆ "ಮಾಡಿ ನೋಡ್ರಿ" ಅನ್ನುವುದು ಮಾತ್ರ ಕೇಳಿಸಿತು. ಪಾಪ, ಗಂಟಲು ಹಿಡಿದುಕೊಂಡು ಮತ್ತೊಮ್ಮೆ ಅಂದ, ಮತ್ತೆ ಅದೇ ಜಾಗದಲ್ಲಿ ಮಾತು ತೂತಾಯಿತು. ನಮ್ಮವರು, ಅಂದರೆ ನನ್ನ ಗಂಡ ಉಜ್ಜಪ್ಪ, ಭಟ್ಟಿಯ ಒಳಗಿನಿಂದಲೇ ಕೂಗಿದರು: "ಅವ್ವಾ, ಹೊಸ ಪದ ತಂದಾನ! ನೀರು ಕೊಡಬ್ಯಾಡ!" ಅಷ್ಟರಲ್ಲಿ ಅತ್ತೆ ಚೊಂಬು ಕೈಗಿಟ್ಟು, ಬೆಲ್ಲದ ಚೂರೂ ಕೊಟ್ಟಾಗಿತ್ತು. ಅವನು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ಟ್ರೈ ಮಾಡಿ ನೋಡ್ರಿ" ಅಂದ. ಕೇಳಿಸಿತು. ಆ ಊರಲ್ಲಿ ಆ ಮಾತು ಸದ್ದಾಗಿದ್ದು ಅದೇ ಮೊದಲು.

ಹೊರಗಿನ ಪದ ಆ ಊರಲ್ಲಿ ತಾನಾಗಿ ಸದ್ದಾಗುವುದಿಲ್ಲ. ಯಾವ ಮನೆ ನೀರು ಬೆಲ್ಲ ಕೊಟ್ಟಿತೋ ಆ ಮನೆಯಲ್ಲಿ ಅದು ಒಂದು ವರ್ಷ ನೆಂಟನಾಗಿ ಇರಬೇಕು. ತಂದವನನ್ನು ಬಿಟ್ಟರೆ ಆ ಮನೆಯವರ ಬಾಯಲ್ಲಿ ಮಾತ್ರ ಆಡಬೇಕು. ವರ್ಷ ತುಂಬಿದ ದಿನ ಅರಳಿಕಟ್ಟೆಗೆ ಬಂದು, ಆ ಪದದ ತವರು ಯಾವುದು, ಗುಣ ಏನು ಎಂದು ಊರಿಗೆ ತಿಳಿಸಬೇಕು. ಊರು ಒಪ್ಪಿದರೆ ಪದ ಎಲ್ಲರದಾಗುತ್ತದೆ. ಕಿಟಕಿ, ಮೇಜು, ಸಾಬೂನು ಎಲ್ಲವೂ ಹಾಗೆ ಹೊಳೆ ದಾಟಿ ಬಂದವು. ಇವತ್ತಿಗೂ ಅಲ್ಲಿ ಸಾಬೂನಿನ ಮನೆಯವರು ಅಂದರೆ ಬಹಳ ಗೌರವ.

ಆದರೆ ನೆಂಟ ಬಂದರೆ ಮನೆಯಲ್ಲಿ ಯಾರಾದರೊಬ್ಬರು ಹಾಸಿಗೆ ಬಿಟ್ಟುಕೊಡಬೇಕಲ್ಲ. ಹೊಸ ಪದ ಬಂದ ಮನೆಯಿಂದ ಹಳೆಯದೊಂದು ಮಾತು ಎದ್ದು ಹೋಗುತ್ತದೆ. ಯಾವುದು ಹೋಗುತ್ತದೆಂದು ಯಾರೂ ಹೇಳಲಾರರು. ಸಾಬೂನಿನ ಮನೆಯಲ್ಲಿ ಆ ವರ್ಷ 'ಹಸಿವು' ಹೋಗಿ, ಮಕ್ಕಳು ಹೊಟ್ಟೆ ತಟ್ಟಿಕೊಂಡು ಓಡಾಡುತ್ತಿದ್ದವಂತೆ. ಊರು ಪದವನ್ನು ಒಪ್ಪಿದರೆ ಹೋದ ಮಾತು ಹಿಂದಿರುಗುತ್ತದೆ. ಒಪ್ಪದಿದ್ದರೆ ಹೊಸದು ಹೊಳೆಯ ನೀರಿನ ಜೊತೆ ಹೋಗುತ್ತದೆ, ಹಳೆಯದೂ ಅದರ ಹಿಂದೆಯೇ. ಕುಂಬಾರಗೇರಿಯ ಒಂದು ಮನೆಯವರು ಹಾಗೆ 'ಸಾಕು' ಅನ್ನುವುದನ್ನು ಕಳೆದುಕೊಂಡಿದ್ದರು. ಆ ಮನೆಗೆ ಊಟಕ್ಕೆ ಹೋದವರ ಪಾಡು ದೇವರಿಗೇ ಪ್ರೀತಿ. ಬಡಿಸುವವರು ಬಡಿಸುತ್ತಲೇ ಇರುತ್ತಾರೆ, ಉಣ್ಣುವವರು ಎಲೆಯ ಮೇಲೆ ಮಲಗಿಬಿಡಬೇಕು, ಬೇರೆ ದಾರಿಯಿಲ್ಲ.

ನಮ್ಮ ಮನೆಯಿಂದ ಹೋದದ್ದು ಯಾವುದೆಂದು ಅವತ್ತೇ ತಿಳಿಯಿತು. ನಮ್ಮವರು ಭತ್ತ ತರಲು ಹೊರಟು, ಹೊಸ್ತಿಲ ಮೇಲೆ ನಿಂತು, ಎಂದಿನಂತೆ "ಅವ್ವಾ, ಹೋಗಿ" ಅಂದರು. ಮುಂದೆ ತುಟಿ ಅಲ್ಲಾಡಿತು ಅಷ್ಟೆ. ಅತ್ತೆಯ ಕೈಯಿಂದ ಜರಡಿ ಜಾರಿತು. ನಮ್ಮವರನ್ನು ಕರೆದು ಕೂರಿಸಿ, ನೀರು ಕುಡಿಸಿ, ಮತ್ತೆ ಹೊರಡಿಸಿದರು. ಮತ್ತೆ "ಹೋಗಿ" ಅಷ್ಟೇ. 'ಬಾ' ಇತ್ತು, 'ಬಂದ' ಇತ್ತು, 'ಬರ್ತಾನೆ' ಕೂಡ ಇತ್ತು. 'ಬರ್ತೀನಿ' ಅನ್ನುವುದೊಂದು ಹೋಗಿತ್ತು. ನಮ್ಮ ಬಾಯಲ್ಲಿ ಊರಲ್ಲೆಲ್ಲೂ ಅದು ಹೊರಡಲಿಲ್ಲ, ನಮ್ಮ ಹೊಸ್ತಿಲೊಳಗೆ ಯಾರ ಬಾಯಲ್ಲೂ ಹೊರಡಲಿಲ್ಲ. ಮನೆ ಬಿಟ್ಟು ಹೊರಡುವವನು ಬರೀ 'ಹೋಗ್ತೀನಿ' ಅನ್ನುವುದನ್ನು ಯಾವ ತಾಯಿ ಕೇಳಿಸಿಕೊಂಡಾಳು? ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ಹೊರಡುವವರು ಹೆಗಲ ಮೇಲಿನ ವಲ್ಲಿಯನ್ನು ಗೂಟಕ್ಕೆ ಹಾಕಿ ಹೋಗುವುದು. ವಲ್ಲಿ ಇದೆ ಅಂದರೆ ಮನುಷ್ಯ ತಿರುಗಿ ಬರುತ್ತಾನೆ ಅಂತ ಲೆಕ್ಕ.

ನಮಗೆ ಅದು ತಮಾಷೆಯಾಗಿತ್ತು. ಅತ್ತೆಗೆ ಆಗಿರಲಿಲ್ಲ. ಅವರ ಮಗಳು, ನನ್ನ ನಾದಿನಿ ನೀಲಕ್ಕನನ್ನು ಆಚೆ ದಂಡೆಗೆ ಕೊಟ್ಟಿದ್ದರು. ಅತ್ತೆ ಒಮ್ಮೆಯೂ ಮಗಳ ಮನೆ ನೋಡಿರಲಿಲ್ಲ. ಅವರೂ ಆಚೆ ದಂಡೆಯಿಂದಲೇ ಮದುವೆಯಾಗಿ ಬಂದವರು. ದಿಬ್ಬಣ ಬರುವಾಗ ನಡುಹೊಳೆಯಲ್ಲಿ ಹರಿಗೋಲು ಸುಳಿಗೆ ಸಿಕ್ಕಿ ಗಿರಗಿರ ತಿರುಗಿ, ತವರಿನ ಹಿತ್ತಾಳೆ ಪಾತ್ರೆಗಳೆಲ್ಲ ನೀರು ಸೇರಿದವಂತೆ. ಊರವರು ಅದನ್ನು ಹೇಳಿಕೊಂಡು ಈಗಲೂ ನಗುತ್ತಾರೆ. ಅತ್ತೆ ನಕ್ಕಿರಲಿಲ್ಲ. ಅವತ್ತಿನಿಂದ ಅವರು ಹೊಳೆಯ ಮೆಟ್ಟಿಲನ್ನೂ ಇಳಿದಿರಲಿಲ್ಲ. ಹೆದರಿಕೆ ಅಂತ ಹೇಳಿಕೊಳ್ಳಲು ನಾಚಿಕೆ. ಹಾಗಾಗಿ ಮೊಣಕಾಲು ನೋವು ಅನ್ನುತ್ತಿದ್ದರು. ಆಚೆ ದಂಡೆಯಲ್ಲಿ ಸಂತೆ ನಡೆಯುವ ದಿನವೆಲ್ಲ ದುರ್ಗಣ್ಣನ ಕೈಯಲ್ಲಿ ಒಂದು ಚೀಲ ಮಂಡಕ್ಕಿ ಕೊಟ್ಟು, "ಬರ್ತೀನಿ ಅಂದ್ಲು ಅಂತ ನೀಲಾಗ ಹೇಳು" ಅನ್ನುತ್ತಿದ್ದರು. ಹಬ್ಬಕ್ಕೆ ಬರ್ತೀನಿ, ಸುಗ್ಗಿ ಮುಗಿದ ಮೇಲೆ ಬರ್ತೀನಿ. ಮಗುವಿನ ತೊಟ್ಟಿಲಿಗೂ ಹಾಗೆಯೇ ಹೇಳಿ ಕಳಿಸಿದ್ದರು. ಅವತ್ತು ನೀಲಕ್ಕ ಸಂಜೆಯವರೆಗೂ ಮಗುವಿಗೆ ಹೆಸರಿಡಲು ಬಿಡದೆ ಕಾದಳಂತೆ. ಆಮೇಲೆ ಅವಳೂ ಈ ಕಡೆ ಬರುವುದನ್ನು ನಿಲ್ಲಿಸಿದಳು. ಮಂಡಕ್ಕಿ ಚೀಲ ಮಾತ್ರ ತೆಗೆದುಕೊಳ್ಳುತ್ತಿದ್ದಳು.

ಪದ ಬಂದ ಮೊದಲ ಸಂತೆಯ ದಿನ ಅತ್ತೆ ಚೀಲ ಕೊಟ್ಟು, ದುರ್ಗಣ್ಣನ ಮುಂದೆ ಬಾಯಿ ತೆರೆದು ನಿಂತರು. ಅವನು ಕಾದ. ಅತ್ತೆಯ ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ.

"ಏನ್ ಹೇಳ್ಲಿ ಹಾಲವ್ವ?"

"ಏನೂ ಹೇಳಬ್ಯಾಡ ಹೋಗಪ್ಪ" ಅಂದರು.

ಇತ್ತ ಟ್ರೈ ನಮ್ಮ ಮನೆಯಲ್ಲಿ ಚೆನ್ನಾಗಿ ಮೈ ತುಂಬಿಕೊಂಡಿತು. ಅದಕ್ಕೆ ಕಾರಣ ನಮ್ಮವರು. ಗೋಡೆಗೆ ಸುಣ್ಣ ಹೊಡೆಯಿರಿ ಅಂದರೆ ಟ್ರೈ ಮಾಡ್ತೀನಿ, ಸೋರುವ ಹೆಂಚು ನೋಡಿ ಅಂದರೆ ಟ್ರೈ ಮಾಡ್ತೀನಿ. ಸುಣ್ಣವೂ ಇಲ್ಲ, ಹೆಂಚೂ ಇಲ್ಲ, ಬಯ್ಯೋಣವೆಂದರೆ ಮನುಷ್ಯ ಒಲ್ಲೆ ಅಂದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸುದ್ದಿ ಊರಿಗೆಲ್ಲ ಹಬ್ಬಿ, ಜನ ನಮ್ಮ ಕಟ್ಟೆಗೆ ಬರತೊಡಗಿದರು. "ಉಜ್ಜಣ್ಣ, ನಮ್ಮ ಬೀಗರು ಮದುವಿಗೆ ಕರದಾರ, ಹೋಗಾಕ ಮನಸಿಲ್ಲ. ನನ್ನ ಪರವಾಗಿ ನೀನೇ ಒಂದು ಸಲ ಟ್ರೈ ಅಂದುಬಿಡು ಬಾ" ಅಂತ. ಅವರ ಬಾಯಲ್ಲಿ ಆ ಜಾಗ ಖಾಲಿ ಇರುತ್ತಿತ್ತು, ಆದರೂ ನಮಗೆ ತಿಳಿಯುತ್ತಿತ್ತು. ನಮ್ಮವರು ವಲ್ಲಿಯನ್ನು ಗೂಟಕ್ಕೆ ಹಾಕಿ ದೊಡ್ಡ ಮನುಷ್ಯರ ಹಾಗೆ ಹೊರಡುತ್ತಿದ್ದರು. ಹಿಂತಿರುಗುವಾಗ ಕೈಯಲ್ಲಿ ಯಾರದೋ ಮನೆಯ ಕೋಡುಬಳೆ ಇರುತ್ತಿತ್ತು. ನಾನೂ ಒಂದೆರಡು ಸಲ ಆ ಮಾತಿನ ನೆರಳಿನಲ್ಲಿ ತಣ್ಣಗೆ ಕೂತಿದ್ದುಂಟು, ಸುಳ್ಳೇಕೆ ಹೇಳಲಿ.

ಜರಡಿಯವನು ಇನ್ನೊಂದು ಸಂತೆಯ ದಿನ ಊರಿಗೆ ಬಂದಾಗ ನಮ್ಮವರು ಅವನನ್ನು ಹಿಡಿದು ಕೂರಿಸಿ ಪದದ ತವರು ಕೇಳಿದರು. ಅವನಿಗೆ ಗೊತ್ತಿತ್ತು. ಜರಡಿಯ ಕಾರ್ಖಾನೆಯ ಯಜಮಾನರು ಹೇಳಿದ್ದಂತೆ. ಇದು ಇಂಗ್ಲಿಷಿನವರ ಮನೆಯಲ್ಲಿ ಹುಟ್ಟಿದ್ದಲ್ಲ. ಕಾಲುವೆಯಷ್ಟು ಕಿರಿದಾದ ಕಡಲಿನಾಚೆ ಫ್ರೆಂಚರು ಅಂತ ಇದ್ದಾರಲ್ಲ, ಅಲ್ಲಿ ಹಸನು ಮಾಡುವುದಕ್ಕೆ, ಕಾಳು ಹೊಟ್ಟು ಬೇರೆ ಮಾಡುವುದಕ್ಕೆ ಇದರ ಅಜ್ಜಿಯಂಥ ಮಾತೊಂದಿತ್ತು. ಅದು ದೋಣಿ ಹತ್ತಿ ಇಂಗ್ಲಿಷಿನವರ ಬಳಿ ಬಂದು ಮೊದಲು ಕೋರ್ಟು ಕಚೇರಿ ಸೇರಿತು, ನಿಜ ಬೇರೆ ಸುಳ್ಳು ಬೇರೆ ಮಾಡುವ ಕೆಲಸಕ್ಕೆ. ಆಮೇಲೆ ಒಂದು ವಸ್ತು ಗಟ್ಟಿಯೋ ಪೊಳ್ಳೋ ನೋಡುವುದಕ್ಕೂ ಅದೇ ಆಯಿತು. ಕೈಲಾಗುತ್ತದೋ ಇಲ್ಲವೋ ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕುವುದಕ್ಕೂ ಅದನ್ನೇ ಕರೆದರು. "ಹಂಗಾಗಿ ಇದು ಜರಡಿ ಮನಿಗೇ ಬಂದೈತ್ರಿ, ತವರಿಗೆ ಬಂದಂಗ" ಅಂದ ಅವನು.

ನಮ್ಮವರಿಗೆ ಆನಂದವೋ ಆನಂದ. ಅರಳಿಕಟ್ಟೆಯಲ್ಲಿ ಹೇಳಲು ಭಾಷಣ ಸಿಕ್ಕಿತಲ್ಲ! ಅತ್ತೆ ಮಾತ್ರ ಜರಡಿ ಆಡಿಸುತ್ತಲೇ ಇದ್ದರು. "ಒಂದ್ ಸಲ ಆಡಿಸಿದ್ರ ಮರಳು ಪೂರ್ತಿ ಹೋಗಂಗಿಲ್ಲ, ಅದನ್ನ ಹೇಳಿದ್ರೇನು ನಿಮ್ಮ ಯಜಮಾನ್ರು?" ಎಂದು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ.

ಅದಾದ ಮೇಲೆ ಅತ್ತೆ ಮಧ್ಯಾಹ್ನ ಭಟ್ಟಿ ಆರಿದೊಡನೆ ಎಲ್ಲಿಗೋ ಹೋಗತೊಡಗಿದರು. ಕೇಳಿದರೆ ಗುಡಿಗೆ ಅನ್ನುತ್ತಿದ್ದರು. ಗುಡಿಗೆ ಹೋದವರ ಸೀರೆಯ ಅಂಚು ಯಾಕೆ ಒದ್ದೆಯಾಗುತ್ತದೆ? ಒಂದು ದಿನ ಹಿಂದೆಯೇ ಹೋದೆ. ಹೊಳೆಯ ಮೆಟ್ಟಿಲ ಬಳಿ ಮರಕ್ಕೆ ಕಟ್ಟಿದ್ದ ಹರಿಗೋಲಿನೊಳಗೆ ಅತ್ತೆ ಎರಡೂ ಕೈಗಳಿಂದ ಅಂಚು ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ಹರಿಗೋಲು ದಂಡೆಯಲ್ಲೇ ಇತ್ತು. ನೀರು ಮೊಣಕಾಲಷ್ಟೂ ಇರಲಿಲ್ಲ. ಅವರ ಹಣೆಯಲ್ಲಿ ಭಟ್ಟಿಯ ಮುಂದೆಯೂ ಬಾರದಷ್ಟು ಬೆವರು. ದುರ್ಗಣ್ಣ ಮೆಟ್ಟಿಲ ಮೇಲೆ ಬೀಡಿ ಸೇದುತ್ತಾ, ನನಗೆ ಸುಮ್ಮನಿರೆಂದು ಸನ್ನೆ ಮಾಡಿದ.

ಅತ್ತೆ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖ.

"ಟ್ರೈ ಮಾಡಾಕತ್ತೀನಿ ದಾಕ್ಷಿ" ಅಂದರು.

ನಾನು ಅವತ್ತು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮೊದಲ ದಿನಗಳಲ್ಲಿ ಬರೀ ಮೆಟ್ಟಿಲಿಳಿದು ನಿಂತಿದ್ದರಂತೆ, ಆಮೇಲೆ ಪಾದ ಅದ್ದಿದರಂತೆ, ಹರಿಗೋಲು ಹತ್ತಲು ಮಳೆಗಾಲ ಕಳೆಯಬೇಕಾಯಿತಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವರ ಬಾಯಲ್ಲಿ ಆ ಮಾತು ನನಗೆ ಕೇಳಿಸಿದ್ದೂ ಅದೇ ಮೊದಲ ಸಲ. ದುರ್ಗಣ್ಣ ಮಾತ್ರ ಆಚೆ ದಂಡೆಯಲ್ಲಿ ಮಂಡಕ್ಕಿ ಚೀಲ ಕೊಡುವಾಗ ಕಂಡದ್ದನ್ನು ಹೇಳುತ್ತಿದ್ದನಂತೆ. ನೀಲಕ್ಕ ಚೀಲ ಹಿಡಿದು ನಿಂತು ಕೇಳಿಸಿಕೊಳ್ಳುತ್ತಿದ್ದಳಂತೆ.

ವರ್ಷ ತುಂಬಿದ ದಿನ ಊರೆಲ್ಲ ಅರಳಿಕಟ್ಟೆಗೆ ಬಂತು. ಪದ ಒಪ್ಪುವ ಹಿರಿಯ ಮುರಿಗೆಜ್ಜ ಕಂಬಳಿಯ ಮೇಲೆ ಕೂತಿದ್ದರು. ಹಲ್ಲಿಲ್ಲದ ಬಾಯಿ, ಆದರೆ ಊರಿನ ಎಲ್ಲ ಮಾತುಗಳೂ ಆ ಬಾಯಿಗೆ ಹೆದರುತ್ತಿದ್ದವು. ನಮ್ಮವರು ಹೊಸ ಅಂಗಿ ತೊಟ್ಟು ಫ್ರೆಂಚರು, ಹೊಟ್ಟು, ಕಡಲು, ಕಚೇರಿ ಎಲ್ಲವನ್ನೂ ಹೇಳಿ ಮುಗಿಸಿದರು. ಚೆನ್ನಾಗಿಯೇ ಹೇಳಿದರು.

"ತವರು ಆಯ್ತು" ಅಂದರು ಮುರಿಗೆಜ್ಜ. "ಗುಣ ಹೇಳು. ವರ್ಷ ಪೂರ್ತಿ ನಿನ್ನ ಬಾಗಿಲಿಗೆ ಜನ ಬರ್ತಿದ್ರು. ಯಾಕ?"

ಹಿಂದಿನಿಂದ ಯಾರೋ ನಕ್ಕರು.

"ನಾ ಹೇಳ್ತೀನಿ ಕೇಳು. ಅದು 'ಇಲ್ಲ' ಅನ್ನೋದು, ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದೈತಿ. ಇಲ್ಲ ಅನ್ನಾಕ ನಮ್ಮಲ್ಲೇನು ಮಾತಿಗೆ ಬರ ಐತೇನು? ನೋಡೋಣ ಅಂತೀವಿ. ಆಗ್ಲಿ ತಗೋ ಅಂತೀವಿ. ದೇವರು ಅದಾನ ಅಂತೀವಿ. ಇನ್ನೊಂದು ಯಾಕ ಬೇಕು? ಹೊಳಿಗೆ ಬಿಡ್ರಿ."

ಟ್ರೈ ಹೋದರೆ ಹೋಗಲಿ, ಅದರ ಹಿಂದೆ 'ಬರ್ತೀನಿ' ಹೋಗುತ್ತದೆ. ಇನ್ನು ನಮ್ಮ ಮನೆಯಿಂದ ಹೊರಡುವವರು ಜನ್ಮಪೂರ್ತಿ ಗೂಟಕ್ಕೆ ವಲ್ಲಿ ಹಾಕಿ ಹೋಗಬೇಕು. ಅತ್ತೆ ಮಗಳಿಗೆ ಒಂದು ಸುಳ್ಳನ್ನಾದರೂ ಹೇಳಿ ಕಳಿಸುವ ಹಾಗಿಲ್ಲ.

ಅತ್ತೆ ಎದ್ದು ನಿಂತರು. "ಅಜ್ಜಾ, ನನಗ ಮಾತಾಡಾಕ ಬರಂಗಿಲ್ಲ. ಹೊಳಿಗೆ ಬಿಡೂ ಮುಂಚೆ ಹೊಳಿ ತನಕ ಬರ್ರಿ" ಎಂದು ಮುಂದೆ ನಡೆದರು. ಊರು ಹಿಂದೆ ಹೊರಟಿತು.

ನಾನೂ ಅವರ ಜೊತೆ ಹರಿಗೋಲು ಹತ್ತಿದೆ. ದುರ್ಗಣ್ಣ ಹಗ್ಗ ಬಿಚ್ಚಿದ. ದಂಡೆ ದೂರವಾಗುತ್ತಿದ್ದ ಹಾಗೆ ಅತ್ತೆಯ ಉಗುರು ನನ್ನ ಮಣಿಕಟ್ಟಿಗೆ ಇಳಿಯಿತು. ನೀರು ಹಸಿರಾಗಿತ್ತು, ಆಳದಲ್ಲಿ ಹಿತ್ತಾಳೆಯ ಬಣ್ಣದ ಬಿಸಿಲು ಆಡುತ್ತಿತ್ತು. ಅಲ್ಲೇ ಎಲ್ಲೋ ಅವರ ತವರಿನ ಕೊಡ, ತಂಬಿಗೆಗಳು ಮೀನುಗಳಿಗೆ ಮನೆಯಾಗಿರಬೇಕು. ನಡುಹೊಳೆ ಬರುವ ಮೊದಲೇ ಹರಿಗೋಲು ಒಂದು ಸುತ್ತು ತಿರುಗಿತು. ಅತ್ತೆ ಕಿರುಚಿದರು. "ತಿರುಗ್ಸು! ದುರ್ಗಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ತಿರುಗ್ಸು!" ದುರ್ಗಣ್ಣ ತಿರುಗಿಸಿದ. ದಂಡೆಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ ವಾಂತಿ ಮಾಡಿಕೊಂಡರು. ಯಾರೂ ನಗಲಿಲ್ಲ. ನಮ್ಮವರು ಓಡಿ ಬಂದು, "ಸಾಕವ್ವಾ, ಮಾತು ಹೋದ್ರ ಹೋಗ್ಲಿ, ನೀ ಮನಿಗೆ ನಡಿ" ಅಂದರು.

ಅತ್ತೆ ಬಾಯಿ ತೊಳೆದುಕೊಂಡು, ತಲೆಯ ಮೇಲೂ ನೀರು ಸುರಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಇನ್ನೊಂದ್ ಸಲ" ಅಂದರು.

ಎರಡನೆಯ ಸಲ ನಡುಹೊಳೆ ದಾಟಿದೆವು. ಆಚೆ ದಂಡೆಯ ಕಲ್ಲುಗಳು ಕಾಣಿಸಿದವು, ಸಂತೆಗೆ ಬಂದ ಜನ ನಿಂತು ನೋಡುತ್ತಿದ್ದುದು ಕಾಣಿಸಿತು. ಮಗುವಿನ ಕೈ ಹಿಡಿದಿದ್ದ ಒಬ್ಬ ಹೆಂಗಸು ನೀರಿನ ಅಂಚಿಗೆ ಬಂದು ನಿಂತಿದ್ದಳು. ಅತ್ತೆಗೆ ಕಾಣಲಿಲ್ಲ, ಅವರ ಕಣ್ಣು ಮುಚ್ಚಿತ್ತು. "ಅತ್ತಿ, ಕಣ್ಣು ಬಿಡ್ರಿ, ಸ್ವಲ್ಪ ಉಳದೈತಿ" ಅಂದೆ. ಅವರು ಕಣ್ಣು ಬಿಟ್ಟು ಮೊದಲು ನೀರನ್ನೇ ನೋಡಿಬಿಟ್ಟರು. ಅಷ್ಟೇ, ಮೈ ಪೂರಾ ಕಲ್ಲಾಯಿತು. ಮತ್ತೆ ತಿರುಗಿಸಬೇಕಾಯಿತು.

ಮೆಟ್ಟಿಲ ಮೇಲೆ ಮುರಿಗೆಜ್ಜ ಕಾಯುತ್ತಿದ್ದರು.

"ದಾಟಿದೇನವ್ವ?"

"ಇಲ್ಲ ಅಜ್ಜಾ."

"ಹಂಗಾದ್ರ ಹೋಗಲಿಲ್ಲ ಅನ್ನು."

"ಹೋಗಿದ್ನಲ್ಲ. ನೀವ ನೋಡಿದ್ರಿ" ಅಂದರು ಅತ್ತೆ. ಹಲ್ಲು ಕಟಕಟ ಅನ್ನುತ್ತಿದ್ದವು. "ನಾಳೆ ಮತ್ತ ಹೋಗ್ತೀನಿ. ನಾಡಿದ್ದೂ ಹೋಗ್ತೀನಿ."

ಮುರಿಗೆಜ್ಜ ಹಲ್ಲಿಲ್ಲದ ಬಾಯನ್ನು ನಿಧಾನಕ್ಕೆ ತೆರೆದು, ಎಲ್ಲರೂ ನೋಡುತ್ತಿದ್ದಂತೆ, "ಟ್ರೈ" ಅಂದರು. ಕೇಳಿಸಿತು. ಸ್ವಲ್ಪ ಗಾಳಿ ಸೇರಿಕೊಂಡಿತ್ತು, ಆದರೂ ಸ್ಪಷ್ಟವಾಗಿ ಕೇಳಿಸಿತು. ಊರು ಅದನ್ನು ಒಪ್ಪಿಯಾಗಿತ್ತು. ಮಕ್ಕಳು "ಟ್ರೈ ಟ್ರೈ" ಎಂದು ಕಿರುಚುತ್ತಾ ಮೆಟ್ಟಿಲ ಮೇಲಿಂದ ನೀರಿಗೆ ಹಾರಿದವು.

ಮನೆಗೆ ಬಂದ ಮೇಲೆ ನಮಗೆಲ್ಲ ಒಂದೇ ಯೋಚನೆ. ಹೋದದ್ದು ಬಂದಿದೆಯೋ ಇಲ್ಲವೋ? ನಮ್ಮವರು ಪರೀಕ್ಷೆಗೆಂದು ಬಾಯಿ ತೆರೆದರೆ ಅತ್ತೆ ಗದರಿಸಿದರು. "ಎಲ್ಲಿಗೂ ಹೊಂಟಿಲ್ಲ ಏನಿಲ್ಲ, ಸುಮ್ನ ಆ ಮಾತು ಆಡಬ್ಯಾಡ. ಆಡಿ ಆಡಿ ನಾನೇ ಅದನ್ನ ಸವಸೀನಿ." ನಮ್ಮವರು ಬಾಯಿ ಮುಚ್ಚಿಕೊಂಡು, ಯಾರೂ ಹೇಳದೆಯೇ, ಏಣಿ ತಂದು ಹೆಂಚು ಸರಿಮಾಡಲು ಹತ್ತಿದರು.

ಅವರೇ ಮೇಲಿನಿಂದ ಮೊದಲು ನೋಡಿದ್ದು. "ಅವ್ವಾ, ನೀಲಾ!" ಅಂದರು.

ನೀಲಕ್ಕ ಮಗುವನ್ನು ಎಳೆದುಕೊಂಡು ಬಿರಬಿರನೆ ಬಂದಳು. ಒಳಗೆ ಕಾಲಿಡುವ ಮೊದಲೇ ಶುರು ಮಾಡಿದಳು. "ತಲಿಗಿಲಿ ಕೆಟ್ಟೈತೇನು ನಿನಗ? ಈಜಾಕ ಬರಂಗಿಲ್ಲ, ಕಣ್ಣು ಮುಚ್ಕೊಂಡು ಕುಂದರ್ತೀ, ಬಿದ್ದಿದ್ರ ಏನ್ ಗತಿ? ಹೆದರಿಕಿ ಅಂತ ಒಂದ್ ಮಾತು ಮೊದಲ ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು? ಮೊಣಕಾಲಂತ, ಮೊಣಕಾಲು!" ಬಯ್ಯುತ್ತಲೇ ಅತ್ತೆಯ ಒದ್ದೆ ಸೆರಗು ಹಿಂಡಿದಳು, ಬಯ್ಯುತ್ತಲೇ ತಲೆ ಒರೆಸಿದಳು. ಅತ್ತೆ ಸಣ್ಣ ಹುಡುಗಿಯ ಹಾಗೆ ಕೂತು ಬೈಸಿಕೊಂಡರು. ಇಷ್ಟು ಸುಖವಾಗಿ ಬೈಸಿಕೊಂಡವರನ್ನು ನಾನು ನೋಡಿಲ್ಲ. ಮಗು ಬಿಸಿ ಮಂಡಕ್ಕಿಯ ರಾಶಿಯಲ್ಲಿ ಎರಡೂ ಕೈ ಹಾಕಿ ಕೂತಿತ್ತು.

ಹೊತ್ತು ಇಳಿಯುವ ಮೊದಲು ಹರಿಗೋಲು ಹಿಡಿಯಬೇಕಿತ್ತು. ನಾನು ನೀಲಕ್ಕನಿಗೆ ಕುಂಕುಮ ಕೊಟ್ಟೆ. ಅವಳು ಮಂಡಕ್ಕಿ ಚೀಲ ಕಂಕುಳಿಗೆ ಸೇರಿಸಿ, ಹೊಸ್ತಿಲ ಮೇಲೆ ನಿಂತು ತಿರುಗಿದಳು. ಅಲ್ಲಿ ನಿಂತು ಏನು ಹೇಳಬೇಕೆಂದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ನಮ್ಮವರು ಏಣಿಯ ಮೇಲೆ ಹಾಗೇ ನಿಂತರು. ಅತ್ತೆ ಕಂಬ ಹಿಡಿದುಕೊಂಡರು.

"ಹೋಗಿ ಬರ್ತೀನವ್ವಾ" ಅಂದಳು ನೀಲಕ್ಕ.

ಇಡೀ ಮಾತು, ಒಂದಕ್ಷರ ಬಿಡದೆ, ನಡುಮನೆಯವರೆಗೂ ಕೇಳಿಸಿತು.

ಈಗ ಅತ್ತೆಯೂ 'ಬರ್ತೀನಿ' ಅನ್ನಬಹುದಿತ್ತು. ಅನ್ನಲಿಲ್ಲ.

"ಹೋಗಿ ಬಾ" ಅಂದರು. "ಬರೂ ಸಂತಿಗೆ ನಾನೂ ಟ್ರೈ ಮಾಡ್ತೀನವ್ವ."

ನೀಲಕ್ಕ ಮಗುವಿನ ಬಾಯಿಗೆ ಅಂಟಿದ್ದ ಮಂಡಕ್ಕಿ ಒರೆಸಿದಳು.

"ಹಂಗಾದ್ರ ಆ ದಿನ ಊಟಕ್ಕ ಒಂದು ತಾಟು ಹೆಚ್ಚಿಗಿ ಹಾಕಿರ್ತೀನಿ" ಅಂದಳು.